ಸಗಣಿ ಸಾಲದ ಮನೆಯಲ್ಲಿ ಗೋಬರ್ ಗ್ಯಾಸ್: ತೋಟ ಮತ್ತು ಅಡುಗೆಮನೆಯ ತ್ಯಾಜ್ಯದಿಂದ ಅನಿಲ ತೆಗೆಯುವ ಕ್ರಮ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ತೊಟ್ಟಿ ಈಗಲೂ ಇದೆ. ಅದರ ಮೇಲೆ ಪಾಚಿ ಬೆಳೆದಿದೆ, ಒಳಗೆ ಗ್ಯಾಸ್ ಮಾತ್ರ ಇಲ್ಲ. ರಾಷ್ಟ್ರೀಯ ಜೈವಿಕ ಅನಿಲ ಯೋಜನೆ 1981-82ರಲ್ಲಿ ಆರಂಭವಾದ ನಂತರದ ವರ್ಷಗಳಲ್ಲಿ ಸಹಾಯಧನ ಪಡೆದು ಕಟ್ಟಿಸಿದ ತೊಟ್ಟಿಗಳಿವು. ಆಗ ಕೊಟ್ಟಿಗೆಯಲ್ಲಿ ಎಂಟು ಹತ್ತು ದನಗಳಿದ್ದವು, ಈಗ ನಾಲ್ಕೋ ಐದೋ ಇವೆ. ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ತೊಟ್ಟಿಗೆ ಸಗಣಿಯೊಂದನ್ನೇ ಹಾಕುವುದಾದರೆ ನಿತ್ಯ ಸುಮಾರು 50 ಕಿಲೋ ಬೇಕು. ಹಗಲಿಡೀ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮೇಯುವ ಮಲೆನಾಡು ಗಿಡ್ಡ ಹಸುವಿನಿಂದ ನಮ್ಮ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಸಿಗುವುದು ಮೂರು ನಾಲ್ಕು ಕಿಲೋ ಮಾತ್ರ. ಹಾಗಾಗಿ ತೊಟ್ಟಿ ನಿಂತುಹೋಯಿತು, ಸಿಲಿಂಡರ್ ಬಂತು.

ಆದರೆ ಅದೇ ಮನೆಯ ಸುತ್ತ ಗೊನೆ ಕಡಿದ ಬಾಳೆಯ ದಿಂಡು, ಹಲಸಿನ ಕಾಲದಲ್ಲಿ ರಾಶಿ ಬೀಳುವ ರಚ್ಚೆ (ತೊಳೆ ತೆಗೆದ ಮೇಲೆ ಉಳಿಯುವ ಸಿಪ್ಪೆ, ನಾರು), ತರಕಾರಿಯ ಸಿಪ್ಪೆ, ಉಳಿದ ಅನ್ನ, ಅಕ್ಕಿ ತೊಳೆದ ನೀರು, ಅನಾನಸ್ ಬೆಳೆಯುವವರಲ್ಲಿ ಅದರ ತಲೆ ಮತ್ತು ಸಿಪ್ಪೆ, ಬೇಲಿಯ ಬದಿಯ ಹಸಿ ಹುಲ್ಲು ಇವೆಲ್ಲ ಕೊಳೆಯುತ್ತಾ ಬಿದ್ದಿರುತ್ತವೆ. ಇವುಗಳಿಂದಲೂ ಅನಿಲ ಬರುತ್ತದೆ, ತೂಕಕ್ಕೆ ತೂಕ ಹೋಲಿಸಿದರೆ ಕೆಲವು ಸಗಣಿಗಿಂತ ಹೆಚ್ಚೇ ಕೊಡುತ್ತವೆ. ಕಷ್ಟವಿರುವುದು ಬೇರೆ ಕಡೆ. ಸಗಣಿ ಎಂದರೆ ಹಸುವಿನ ಬಾಯಿ ನುಣ್ಣಗೆ ಅರೆದು, ಹೊಟ್ಟೆ ಅರ್ಧ ಜೀರ್ಣಿಸಿ, ಬೇಕಾದ ಸೂಕ್ಷ್ಮಜೀವಿಗಳನ್ನೂ ಸೇರಿಸಿ ಕೊಟ್ಟ ವಸ್ತು. ಹಸಿ ತ್ಯಾಜ್ಯವನ್ನು ಹಾಕುವಾಗ ಹಸು ಮಾಡುತ್ತಿದ್ದ ಆ ಕೆಲಸವನ್ನು ನಾವು ಮಾಡಬೇಕಾಗುತ್ತದೆ: ಸಣ್ಣಗೆ ಹೆಚ್ಚಬೇಕು, ನೆನೆಸಬೇಕು, ಅಳತೆ ಮೀರದಂತೆ ಹಾಕಬೇಕು. ಈ ಮೂರನ್ನು ಬಿಟ್ಟು ಕಸದ ಗುಂಡಿಗೆ ಸುರಿದಂತೆ ಸುರಿದವರ ತೊಟ್ಟಿಗಳು ಕೆಟ್ಟಿವೆ. ಅದನ್ನು ನೋಡಿದವರು ಸಗಣಿಯಿಲ್ಲದೆ ಗ್ಯಾಸ್ ಬರುವುದಿಲ್ಲವೆಂದು ತೀರ್ಮಾನಿಸಿದ್ದಾರೆ.

ತೊಟ್ಟಿಯ ಒಳಗೆ ಆಗುವುದು

ಗಾಳಿಯಾಡದ ತೊಟ್ಟಿಯಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳು ಒಂದರ ಹಿಂದೆ ಒಂದು ದುಡಿಯುತ್ತವೆ. ಮೊದಲ ಗುಂಪು ಪಿಷ್ಟ, ಸಕ್ಕರೆ, ಕೊಬ್ಬು, ನಾರುಗಳನ್ನು ಒಡೆದು ಆಮ್ಲವಾಗಿಸುತ್ತದೆ, ಎರಡನೆಯ ಗುಂಪು ಆ ಆಮ್ಲವನ್ನು ತಿಂದು ಮೀಥೇನ್ ಬಿಡುತ್ತದೆ. ಮೊದಲನೆಯವು ಚುರುಕು, ಬೇಗ ಬೇಗ ಹೆಚ್ಚುತ್ತವೆ. ಎರಡನೆಯವು ನಿಧಾನ, ಆಮ್ಲಜನಕ ತಾಗಿದರೆ ಸಾಯುತ್ತವೆ, ಹುಳಿ ಹೆಚ್ಚಾದರೆ ಕೆಲಸ ನಿಲ್ಲಿಸುತ್ತವೆ. ತೊಟ್ಟಿಯ ದ್ರವದ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 6.8ರಿಂದ 7.4ರ ನಡುವೆ ಇರುವಷ್ಟು ಕಾಲ ಎರಡೂ ಹೊಂದಿಕೊಂಡು ಹೋಗುತ್ತವೆ. ಅವುಗಳಿಗೆ ಹಿತವಾದ ಶಾಖ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, 20 ಡಿಗ್ರಿಗಿಂತ ಕೆಳಗಿಳಿದರೆ ಅನಿಲ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಬರುವ ಅನಿಲದಲ್ಲಿ ಶೇಕಡಾ 55ರಿಂದ 65ರಷ್ಟು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಿನ ಆವಿ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇರುತ್ತದೆ. ಉರಿಯುವುದು ಮುಖ್ಯವಾಗಿ ಮೀಥೇನ್. ಅದರ ಪಾಲು ಅರ್ಧಕ್ಕಿಂತ ಕೆಳಗಿಳಿಯುತ್ತಾ ಹೋದಂತೆ ಒಲೆಯ ಜ್ವಾಲೆ ನಿಲ್ಲದೆ ಹಾರಿಹೋಗತೊಡಗುತ್ತದೆ.

ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನೂ ಗಮನಿಸಬೇಕು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 20ರಿಂದ 30 ಪಾಲು ಇರಬೇಕು. ಸಗಣಿ ತಾನಾಗಿಯೇ ಈ ಮಿತಿಯೊಳಗಿದೆ, ಭತ್ತದ ಹುಲ್ಲಿನಲ್ಲಿ ಇಂಗಾಲ ಬಹಳ ಹೆಚ್ಚು, ಬೇಳೆ, ಮೊಸರು, ಹಸಿ ಸೊಪ್ಪುಗಳಲ್ಲಿ ಸಾರಜನಕ ಹೆಚ್ಚು. ಮನೆಯ ತ್ಯಾಜ್ಯವನ್ನು ಒಂದೇ ಬಗೆಯದ್ದಾಗಿರದಂತೆ ಬೆರೆಸಿ ಹಾಕಿದರೆ ಇದಕ್ಕಾಗಿ ಲೆಕ್ಕದ ಪುಸ್ತಕ ಬೇಕಾಗುವುದಿಲ್ಲ.

ಹಾಕಬಹುದಾದದ್ದು, ಹಾಕಬಾರದ್ದು

ಉಳಿದ ಅನ್ನ, ಗಂಜಿ, ಹಿಟ್ಟು, ತರಕಾರಿ, ಕೊಳೆತ ಹಣ್ಣು ಎಲ್ಲಕ್ಕಿಂತ ಬೇಗ ಅನಿಲವಾಗುತ್ತವೆ. ಹಸಿ ತೂಕದ ಕಿಲೋ ಒಂದಕ್ಕೆ 60ರಿಂದ 100 ಲೀಟರ್‌ವರೆಗೆ ನಿರೀಕ್ಷಿಸಬಹುದು. ಸಗಣಿಯಲ್ಲಿ ಇದು ಸುಮಾರು 40 ಲೀಟರ್. ಬಾಳೆದಿಂಡು ಮೃದುವಾದರೂ ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ದೊಡ್ಡ ರಾಶಿ ಹಾಕಿದರೂ ಅನಿಲ ಕಡಿಮೆ. ಅದನ್ನು ನೀರಿಗೆ ಬದಲಾಗಿ ಬೆರೆಸುವ ವಸ್ತುವೆಂದು ತಿಳಿದರೆ ನಿರಾಸೆಯಾಗುವುದಿಲ್ಲ. ಹಲಸಿನ ರಚ್ಚೆಯನ್ನು ಮೇಣ ಒರೆಸಿ, ಒಂದು ದಿನ ಬಿಸಿಲಿಗೆ ಬಾಡಿಸಿ ಹೆಚ್ಚಬೇಕು. ಇಲ್ಲದಿದ್ದರೆ ಅದು ತೊಟ್ಟಿಗೆ ಹಾಕುವ ಒಳಕೊಳವೆಯ ಗೋಡೆಗೆ ಅಂಟಿಕೊಂಡು ಮುಂದೆ ಬರುವುದನ್ನೆಲ್ಲ ಹಿಡಿದಿಡುತ್ತದೆ.

ಅಡಿಕೆ ಸಿಪ್ಪೆಯ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ಏಕೆಂದರೆ ಸುಲಿತದ ಕಾಲದಲ್ಲಿ ಅಂಗಳದಲ್ಲಿ ಅದರದ್ದೇ ಗುಡ್ಡೆ. ಅದನ್ನು ತೊಟ್ಟಿಗೆ ಹಾಕಬಾರದು. ಅದರ ನಾರಿನಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಅಂಶ ಗಾಳಿಯಿಲ್ಲದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಕರಗುವುದಿಲ್ಲ, ಮೇಲೆ ತೇಲಿ ಚಾಪೆಯಂತೆ ಹೆಣೆದುಕೊಂಡು ಅನಿಲ ಮೇಲೇಳುವುದನ್ನು ತಡೆಯುತ್ತದೆ. ಭತ್ತದ ಹೊಟ್ಟು, ಸೋಗೆ, ಹಾಳೆ, ತೆಂಗಿನ ಸಿಪ್ಪೆ ಇವಕ್ಕೂ ಇದೇ ಮಾತು. ಅಡಿಕೆ ಬೇಯಿಸಿದ ಚೊಗರನ್ನು ಎಂದೂ ಸುರಿಯಬಾರದು, ಅದರಲ್ಲಿರುವ ಟ್ಯಾನಿನ್ ಸೂಕ್ಷ್ಮಜೀವಿಗಳಿಗೆ ಮಾರಕ. ಹಾಗೆಯೇ ಕೊಳೆ ರೋಗಕ್ಕೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲಿ ಉದುರಿದ ಕಾಯಿ, ಆ ಮರಗಳ ಬುಡದ ಹುಲ್ಲು, ಮೈಲುತುತ್ತಿನ ನೀಲಿ ಬಣ್ಣ ಕಾಣುವ ಯಾವುದೇ ಸೊಪ್ಪು ತೊಟ್ಟಿಯ ಹತ್ತಿರ ಬರಬಾರದು. ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಮೀಥೇನ್ ಮಾಡುವ ಜೀವಿಗಳನ್ನೂ ಬಿಡುವುದಿಲ್ಲ. ಫಿನಾಯಿಲ್, ಸೋಪಿನ ನೀರು, ದನಕ್ಕೆ ಆಂಟಿಬಯೋಟಿಕ್ ಕೊಟ್ಟ ದಿನಗಳ ಸಗಣಿ ಇವೂ ಬೇಡ. ನಿಂಬೆ, ಕಂಚಿ, ಶುಂಠಿಗಳ ಸಿಪ್ಪೆ ಒಂದೆರಡು ಹಿಡಿ ಹೋದರೆ ಅಡ್ಡಿಯಿಲ್ಲ, ಬುಟ್ಟಿಗಟ್ಟಲೆ ಹಾಕಬಾರದು.

ಕಲಗಚ್ಚಿನ ಬಗ್ಗೆ ಒಂದು ಮಾತು. ದನ ತಿನ್ನುವಂಥದ್ದು ಮೊದಲು ದನಕ್ಕೇ ಹೋಗಲಿ. ಅಕ್ಕಚ್ಚು, ಹಲಸಿನ ಸಿಪ್ಪೆ, ತರಕಾರಿ ಕೊನೆಗಳನ್ನು ಹಸು ತಿಂದರೆ ಹಾಲೂ ಬರುತ್ತದೆ, ಸಗಣಿಯಾಗಿ ತೊಟ್ಟಿಗೂ ಬರುತ್ತದೆ. ಹಳಸಿದ್ದು, ಹುಳಿ ಬಂದದ್ದು, ದನ ಮೂಸಿ ಬಿಟ್ಟದ್ದು ತೊಟ್ಟಿಯ ಪಾಲು.

ತೊಟ್ಟಿಯ ಆಯ್ಕೆ

ಹಳೆಯ ತೊಟ್ಟಿ ಇದ್ದರೆ ಅದನ್ನೇ ಸರಿಪಡಿಸುವುದು ಲೇಸು. ನಮ್ಮ ಕಡೆ ಕಾಣುವುದು ಎರಡು ಬಗೆ: ಖಾದಿ ಗ್ರಾಮೋದ್ಯೋಗ ಆಯೋಗ ಪ್ರಚಾರಕ್ಕೆ ತಂದ ತೇಲುವ ಡ್ರಮ್ಮಿನ ಮಾದರಿ ಮತ್ತು 1984ರಲ್ಲಿ ರೂಪುಗೊಂಡ, ನೆಲದೊಳಗೆ ಹುದುಗಿಸುವ ದೀನಬಂಧು ಗುಮ್ಮಟ. ಮಲೆನಾಡಿನ ಮಳೆಯಲ್ಲಿ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯುತ್ತದೆ, ಫೈಬರ್ ಡ್ರಮ್ಮಾದರೆ ಬಾಳಿಕೆ ಬರುತ್ತದೆ. ಆದರೆ ತೇಲುವ ಡ್ರಮ್ಮಿಗೆ ಒಂದು ದೊಡ್ಡ ಅನುಕೂಲವಿದೆ: ಅದನ್ನು ಬಲಕ್ಕೂ ಎಡಕ್ಕೂ ತಿರುಗಿಸಿದರೆ ಮೇಲೆ ಕಟ್ಟಿದ ನಾರಿನ ಪದರ ಒಡೆಯುತ್ತದೆ. ತೋಟದ ತ್ಯಾಜ್ಯ ಹೆಚ್ಚು ಹಾಕುವವರಿಗೆ ನಾನು ಅದನ್ನೇ ಹೇಳುತ್ತೇನೆ. ದೀನಬಂಧುವಿನಲ್ಲಿ ಒಳಕೊಳವೆಯ ಮೂಲಕ ಬಿದಿರಿನ ಗಳು ಇಳಿಸಿ ದಿನವೂ ಹತ್ತಿಪ್ಪತ್ತು ಸಲ ಕುಟ್ಟಬೇಕಾಗುತ್ತದೆ. ಸಗಣಿಗೆಂದು ಹಾಕಿದ ನಾಲ್ಕು ಇಂಚಿನ ಒಳಕೊಳವೆ ನಾರಿಗೆ ಸಾಲದು, ಎಂಟು ಇಂಚಿನದು ಬೇಕು.

ಸೊಪ್ಪನ್ನು ಮಾತ್ರವೇ ಹಾಕುತ್ತೇವೆ, ಸಗಣಿ ಇಲ್ಲವೇ ಇಲ್ಲ ಎನ್ನುವವರಿಗೆ ಈ ಎರಡೂ ಹೊಂದುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕೆಂದು ಆರಂಭವಾದ ಆಸ್ತ್ರ ಕೇಂದ್ರದವರು ಎಲೆ, ಕಳೆಗಳಿಗೆಂದೇ ಉದ್ದಕ್ಕೆ ಮಲಗಿದ ತೊಟ್ಟಿಯನ್ನು ರೂಪಿಸಿದ್ದು ಇದೇ ಕಾರಣಕ್ಕೆ. ಹಸಿ ಎಲೆ ತೇಲುತ್ತದೆ, ನಿಂತ ತೊಟ್ಟಿಯಲ್ಲಿ ಅದನ್ನು ಮುಳುಗಿಸುವುದು ಕಷ್ಟ.

ಹೊಸದಾಗಿ ಕಟ್ಟುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಬೇಕು. ಮಳೆಗಾಲದಲ್ಲಿ ಗುಂಡಿ ತೋಡಿದರೆ ಒರತೆ ನಿಲ್ಲುವುದಿಲ್ಲ, ಖಾಲಿ ತೊಟ್ಟಿಯನ್ನು ನೆಲದ ನೀರು ಮೇಲೆತ್ತಿ ಬಿರುಕು ಬಿಡಿಸಬಹುದು. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸುಲಭಕ್ಕೆ ಸಿಗುತ್ತದೆಂದು ಗುಮ್ಮಟಕ್ಕೆ ಬಳಸಬಾರದು, ಅದರ ರಂಧ್ರಗಳಲ್ಲಿ ಅನಿಲ ಸೋರುತ್ತದೆ. ಚೆನ್ನಾಗಿ ಸುಟ್ಟ ಇಟ್ಟಿಗೆಯೇ ಆಗಬೇಕು. ಕುಡಿಯುವ ನೀರಿನ ಬಾವಿಯಿಂದ ಸಾಕಷ್ಟು ದೂರದಲ್ಲಿ, ಅಡುಗೆಮನೆಗೆ ಹತ್ತಿರದಲ್ಲಿ, ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವಲ್ಲಿ ಜಾಗ ಆರಿಸಬೇಕು. ಮಲೆನಾಡಿನ ಮನೆಗಳಲ್ಲಿ ಈ ಮೂರೂ ಕೂಡಿ ಸಿಗುವುದು ಅಪರೂಪ. ಬಾವಿಯ ವಿಷಯದಲ್ಲಿ ರಾಜಿ ಬೇಡ, ಉಳಿದೆರಡರಲ್ಲಿ ಬಿಸಿಲಿಗೆ ಮೊದಲ ಸ್ಥಾನ ಕೊಡಿ, ಕೊಳವೆ ಉದ್ದವಾದರೂ ಅಡ್ಡಿಯಿಲ್ಲ.

ಮೊದಲ ಸಲ ತುಂಬುವುದು

ದಿನಕ್ಕೆ 2 ಘನ ಮೀಟರ್ ಅಳತೆಯ ತೊಟ್ಟಿಯಲ್ಲಿ ಸುಮಾರು 4,000 ಲೀಟರ್ ಬಗ್ಗಡ, ಅಂದರೆ ನೀರಿನಲ್ಲಿ ಕದಡಿದ ಸಗಣಿ, ಹಿಡಿಯುತ್ತದೆ. ಮೊದಲ ಸಲ ಅದನ್ನು ಸಗಣಿಯಿಂದಲೇ ತುಂಬಬೇಕು. ಎಂದರೆ ಎರಡು ಟನ್ ಸಗಣಿ, ಅಷ್ಟೇ ನೀರು. ನಮ್ಮಲ್ಲಿ ಅಷ್ಟಿಲ್ಲವೆಂದು ಇಲ್ಲಿ ಕೈಬಿಡುವವರೇ ಹೆಚ್ಚು. ನಾಟಿಗೆ ಮುಯ್ಯಾಳು ಬರುವ ಹಾಗೆ ಸಗಣಿಗೂ ಮುಯ್ಯಿ ಕೇಳಬಹುದು. ನೆರೆಯ ಮನೆಗಳಿಂದ ಬೇಕಾದಷ್ಟು ದಿನ ತಂದು ಹಾಕಿ, ಮುಂದೆ ಬಗ್ಗಡದ ಗೊಬ್ಬರವಾಗಿ ಹಿಂದಿರುಗಿಸಬಹುದು. ನಡೆಯುತ್ತಿರುವ ತೊಟ್ಟಿಯೊಂದರ ಬಗ್ಗಡವನ್ನು ಎರಡು ಡ್ರಮ್ಮು, ಅಂದರೆ 400 ಲೀಟರಿನಷ್ಟು, ಹೆಪ್ಪು ಹಾಕಿದಂತೆ ಸೇರಿಸಿದರೆ ಕಾಯುವ ದಿನಗಳು ಬಹಳ ಕಡಿಮೆಯಾಗುತ್ತವೆ. ಸಗಣಿಯನ್ನು ಸಮ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮರಳು, ಕಲ್ಲು, ಹುಲ್ಲುಕಡ್ಡಿ ತೆಗೆದು ತೊಟ್ಟಿಗೆ ಬಿಡಬೇಕು. ಮರಳು ಒಮ್ಮೆ ತಳ ಸೇರಿದರೆ ತಾನಾಗಿ ಹೊರಬರುವುದಿಲ್ಲ.

ಬೇಸಿಗೆಯಲ್ಲಾದರೆ ಮೂರು ನಾಲ್ಕು ವಾರದಲ್ಲಿ ಅನಿಲ ಕೂಡಿಕೊಳ್ಳುತ್ತದೆ. ಮೊದಲು ತುಂಬಿದ ಅನಿಲವನ್ನು ಉರಿಸದೆ ಪೂರ್ತಿ ಹೊರಗೆ ಬಿಡಬೇಕು. ಅದರಲ್ಲಿ ತೊಟ್ಟಿಯೊಳಗಿದ್ದ ಗಾಳಿ ಬೆರೆತಿರುತ್ತದೆ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟಿರುವ ಮಿಶ್ರಣ ಕಿಡಿ ತಾಗಿದರೆ ಸಿಡಿಯುತ್ತದೆ. ಎರಡನೆಯ ಸಲ ಕೂಡಿದ ಅನಿಲವನ್ನು ಒಲೆಯಲ್ಲಿಯೇ ಹಚ್ಚಿ ನೋಡಬೇಕು, ತೊಟ್ಟಿಯ ಬಾಯಲ್ಲಿ ಎಂದಿಗೂ ಬೆಂಕಿ ಹಿಡಿಯಬಾರದು. ಒಲೆಯೂ ಜೈವಿಕ ಅನಿಲಕ್ಕೆಂದೇ ಮಾಡಿದ್ದಿರಬೇಕು. ಸಿಲಿಂಡರಿನ ಒಲೆಯ ತೂತು ಬಹಳ ಸಣ್ಣದು, ಅದರಲ್ಲಿ ಈ ಅನಿಲ ಸಾಲುವುದಿಲ್ಲ.

ದಿನದ ಅಳತೆ

ಜ್ವಾಲೆ ನೀಲಿಯಾಗಿ ಒಂದು ವಾರ ನಿಂತ ಮೇಲೆ ತ್ಯಾಜ್ಯ ಆರಂಭಿಸಬೇಕು. ಮೊದಲ ವಾರ ದಿನಕ್ಕೆ ಒಂದು ಕಿಲೋ, ಆಮೇಲೆ ವಾರಕ್ಕೆ ಒಂದೂವರೆ ಕಿಲೋದಂತೆ ಏರಿಸುತ್ತಾ ಹೋದರೆ ಏಳನೆಯ ವಾರಕ್ಕೆ ಹತ್ತು ಕಿಲೋ ಮುಟ್ಟುತ್ತದೆ. ಈ ಏಳು ವಾರಗಳನ್ನು ಮೂರಕ್ಕೆ ಇಳಿಸುವ ಆಸೆ ಎಲ್ಲರಿಗೂ ಆಗುತ್ತದೆ, ಇಳಿಸಬೇಡಿ. ಮೀಥೇನ್ ಮಾಡುವ ಜೀವಿಗಳ ಸಂಖ್ಯೆ ಹೊಸ ಆಹಾರಕ್ಕೆ ತಕ್ಕಂತೆ ಹೆಚ್ಚುವುದಕ್ಕೆ ಅಷ್ಟು ದಿನ ಬೇಕೇ ಬೇಕು.

ಹೆಚ್ಚುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಮೆಟ್ಟುಗತ್ತಿ ಇದೆ. ಸಂಜೆ ಅಡುಗೆಮನೆಯ ಬುಟ್ಟಿಯನ್ನು ಕೊಟ್ಟಿಗೆಯ ಜಗಲಿಗೆ ತಂದು, ಸಿಪ್ಪೆ, ದಿಂಡು, ಹುಲ್ಲನ್ನು ಹೆಬ್ಬೆರಳಿನ ಅಗಲಕ್ಕಿಂತ ಸಣ್ಣಗೆ ಕೊಯ್ದು, ಒಂದು ಹಳೆಯ ಡ್ರಮ್ಮಿನಲ್ಲಿ ಹಾಕಿ ತೊಟ್ಟಿಯಿಂದ ಹೊರಬಂದ ಬಗ್ಗಡದಲ್ಲಿ ಮುಳುಗುವಂತೆ ನೆನೆಸಿಡುತ್ತೇವೆ. ಬೆಳಿಗ್ಗೆ ನೋಡಿದರೆ ಸೌತೆಯ ತಿರುಳು ಕೈಗೆ ಸಿಗದಷ್ಟು ಮೆತ್ತಗಾಗಿರುತ್ತದೆ, ಬಾಳೆದಿಂಡಿನ ಬಿಳಿ ಬಿಲ್ಲೆಗಳು ಕಂದಾಗಿ ಅಂಚಿನಲ್ಲಿ ಸಣ್ಣ ಗುಳ್ಳೆಗಳನ್ನು ಬಿಡುತ್ತಿರುತ್ತವೆ. ಅದನ್ನು ಅಂದಿನ ಸಗಣಿಯೊಡನೆ ಕಲಸಿ ತೊಟ್ಟಿಗೆ ಬಿಡುತ್ತೇವೆ. ಹೀಗೆ ಬಗ್ಗಡದಲ್ಲಿಯೇ ನೆನೆಸುವುದರಿಂದ ನೀರೂ ಉಳಿಯುತ್ತದೆ, ಜೀವಿಗಳೂ ಮೊದಲೇ ಅಂಟಿಕೊಳ್ಳುತ್ತವೆ.

ಅಳತೆ ಹೀಗಿದೆ: 4,000 ಲೀಟರಿನ ತೊಟ್ಟಿಗೆ ದಿನಕ್ಕೆ 15 ಕಿಲೋ ಸಗಣಿ, 10 ಕಿಲೋ ಬೆರಕೆ ತ್ಯಾಜ್ಯ, ನೀರು ಮತ್ತು ಹಿಂದಿರುಗಿಸಿದ ಬಗ್ಗಡ ಸೇರಿ 25ರಿಂದ 30 ಲೀಟರ್. ಒಟ್ಟು ಸುಮಾರು 55 ಲೀಟರ್ ಆದ್ದರಿಂದ ಹಾಕಿದ್ದು ಸರಾಸರಿ 70 ದಿನಕ್ಕೂ ಹೆಚ್ಚು ಕಾಲ ಒಳಗಿರುತ್ತದೆ, ನಾರಿಗೆ ಅಷ್ಟು ಸಮಯ ಬೇಕೂ ಬೇಕು. ಇದರಿಂದ ದಿನಕ್ಕೆ 1.2ರಿಂದ 1.6 ಘನ ಮೀಟರ್ ಅನಿಲ ಸಿಗುತ್ತದೆ. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು ಕಾಲು ಘನ ಮೀಟರ್ ಬೇಕಾಗುವುದರಿಂದ ಐದಾರು ಜನರ ಮನೆಗೆ ಸಾಕು. ಒಂದು ಘನ ಮೀಟರಿನ ಶಾಖ ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ; ಅಲ್ಲಿಗೆ ತಿಂಗಳಿಗೆ 14.2 ಕಿಲೋದ ಒಂದು ಸಿಲಿಂಡರಿಗಿಂತ ಹೆಚ್ಚೇ ಆಯಿತು. ಬಚ್ಚಲ ಹಂಡೆಗೆ ಇದನ್ನು ಬಳಸಲು ಹೋಗಬಾರದು, ಆ ಒಲೆಗೆ ದರಗು (ಉದುರಿದ ಒಣ ಎಲೆ), ಸೋಗೆ, ಒಣ ಅಡಿಕೆ ಸಿಪ್ಪೆ ಇದ್ದೇ ಇವೆ.

ಹುಳಿಯಾದ ತೊಟ್ಟಿ

ಇದನ್ನು ನಾನು ನಷ್ಟಪಟ್ಟೇ ಕಲಿತೆ. ಮನೆಯಲ್ಲಿ ಹಿರಿಯರ ವೈದಿಕ (ಶ್ರಾದ್ಧ) ಮುಗಿದ ಮಾರನೆಯ ದಿನ ಸುಮಾರು 40 ಕಿಲೋ ಅನ್ನ ಉಳಿದಿತ್ತು. ಅನ್ನವನ್ನು ತಿಪ್ಪೆಗೆ ಚೆಲ್ಲುವುದಕ್ಕೆ ಮನಸ್ಸು ಬಾರದೆ, ಒಳ್ಳೆಯದೇ ಆಗುತ್ತದೆಂದು ನಂಬಿ ಎಲ್ಲವನ್ನೂ ಒಂದೇ ಸಲ ತೊಟ್ಟಿಗೆ ಬಿಟ್ಟೆ. ಮರುದಿನ ಅನಿಲ ಎಂದಿಗಿಂತ ಹೆಚ್ಚು ಬಂದಿತು. ಮೂರನೆಯ ದಿನ ಜ್ವಾಲೆ ಒಲೆಯ ಬಾಯಿಂದ ಮೇಲೆದ್ದು ಆರತೊಡಗಿತು, ಐದನೆಯ ದಿನ ಕಡ್ಡಿ ಗೀರಿದರೆ ಹತ್ತಲೇ ಇಲ್ಲ. ಹೊರಬರುವ ಬಗ್ಗಡಕ್ಕೆ ಮೂರು ದಿನದ ದೋಸೆ ಹಿಟ್ಟಿನ ವಾಸನೆ, ಮೇಲೆ ಬಿಳಿ ನೊರೆ. ಪಿಎಚ್ ಪಟ್ಟಿಯಲ್ಲಿ ನೋಡಿದರೆ ಆರರ ಸುತ್ತ. ಅನ್ನದ ಪಿಷ್ಟವೆಲ್ಲ ಆಮ್ಲವಾಗಿ, ಅದನ್ನು ತಿನ್ನಬೇಕಾದ ಜೀವಿಗಳು ಸೋತಿದ್ದವು. ಬರುತ್ತಿದ್ದ ಅನಿಲ ಹೆಚ್ಚಿನಂಶ ಇಂಗಾಲದ ಡೈಆಕ್ಸೈಡ್ ಆಗಿತ್ತು.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ಎಲ್ಲವನ್ನೂ ಹಾಕುವುದನ್ನು ನಿಲ್ಲಿಸುವುದು. ಅನಿಲ ಕಡಿಮೆಯಾಯಿತೆಂದು ಇನ್ನಷ್ಟು ಹಾಕುವುದೇ ತೊಟ್ಟಿಯನ್ನು ಪೂರ್ತಿ ಕೆಡಿಸುತ್ತದೆ. ನಡೆಯುವ ತೊಟ್ಟಿಯ ಬಗ್ಗಡ ಎರಡು ಮೂರು ಡ್ರಮ್ಮು ತಂದು ಸೇರಿಸಬೇಕು. ಅರ್ಧ ಕಿಲೋ ಮೀರದಂತೆ ಸುಣ್ಣವನ್ನು ಬಕೆಟ್ ನೀರಿನಲ್ಲಿ ಕದಡಿ, ಅನಿಲದ ಕವಾಟ ತೆರೆದಿಟ್ಟು, ತೊಟ್ಟಿಗೆ ಬಿಟ್ಟು ಕಲಕಬೇಕು. ಎರಡು ದಿನ ಬಿಟ್ಟು ಮತ್ತೆ ಪಿಎಚ್ ನೋಡಿ ಬೇಕಾದರೆ ಮಾತ್ರ ಇನ್ನೊಮ್ಮೆ. ಸುಣ್ಣ ಒಮ್ಮೆಗೇ ಹೆಚ್ಚು ಬಿದ್ದರೆ ಅದೂ ಜೀವಿಗಳನ್ನು ಸುಡುತ್ತದೆ. ಪಿಎಚ್ 6.8 ದಾಟಿದ ಮೇಲೆ ಸಗಣಿ ಮಾತ್ರ ಸ್ವಲ್ಪ ಸ್ವಲ್ಪ ಹಾಕಬೇಕು. ನಮ್ಮಲ್ಲಿ ನೀಲಿ ಜ್ವಾಲೆ ಮರಳಿದ್ದು 26ನೆಯ ದಿನ. ಈಗ ಸಮಾರಂಭದ ಅನ್ನ ಉಳಿದರೆ ಬಿಸಿಲಿಗೆ ಹರಡಿ ಒಣಗಿಸಿ ಚೀಲದಲ್ಲಿಟ್ಟು ದಿನಕ್ಕೆ ಅರ್ಧ ಕಿಲೋದಂತೆ ಹಾಕುತ್ತೇವೆ. ಪಿಎಚ್ ಪಟ್ಟಿ ಅಗ್ಗದ ವಸ್ತು, ವಾರಕ್ಕೊಮ್ಮೆ ಅದ್ದಿ ನೋಡಿದರೆ ಹುಳಿಯಾಗುವ ಸೂಚನೆ ಜ್ವಾಲೆಗಿಂತ ಮೊದಲೇ ಸಿಗುತ್ತದೆ.

ಮಳೆ ಮತ್ತು ಚಳಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಘಟ್ಟದ ಅಂಚಿನ ಉಳಿದ ಊರುಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನದ್ದೇ ಆಳ್ವಿಕೆ. ಮಾಡಿನ ನೀರು ಒಳಬಾಯಿಗೆ ಬಿದ್ದರೆ ಬಗ್ಗಡ ತೆಳುವಾಗಿ ಜೀವಿಗಳು ತೊಳೆದುಹೋಗುತ್ತವೆ. ಎರಡೂ ಬಾಯಿಗಳಿಗೆ ಮುಚ್ಚಳ, ಸುತ್ತ ಚರಂಡಿ, ಮೇಲೊಂದು ಮಾಡು ಕಡ್ಡಾಯ. ಅನಿಲದ ಕೊಳವೆಯನ್ನು ಇಳಿಜಾರಾಗಿ ಹಾಯಿಸಿ ತಗ್ಗಿನಲ್ಲಿ ನೀರು ಬಸಿಯುವ ಕವಾಟ ಇಡಬೇಕು. ಮಳೆಗಾಲದಲ್ಲಿ ಜ್ವಾಲೆ ಕುಣಿಯುತ್ತಾ ಕೊಳವೆಯಲ್ಲಿ ಬುಳುಬುಳು ಸದ್ದು ಬಂದರೆ ತೊಟ್ಟಿಯಲ್ಲಿ ದೋಷ ಹುಡುಕುವ ಮೊದಲು ಈ ಕವಾಟ ತೆರೆದು ನೋಡಿ.

ಡಿಸೆಂಬರ್, ಜನವರಿಯ ಚಳಿಗೆ ಅನಿಲ ಇಳಿಯುತ್ತದೆ. ಕಲಸುವ ನೀರನ್ನು ಬಚ್ಚಲ ಹಂಡೆಯಿಂದ ತಂದು, ಕೈಗೆ ಉಗುರು ಬೆಚ್ಚಗೆ ಅನ್ನಿಸುವಷ್ಟು ಮಾಡಿ, ಬಿಸಿಲೇರಿದ ಮೇಲೆ ಹಾಕುವುದು ಒಂದು ಉಪಾಯ. ಅಡಿಕೆ ಸಿಪ್ಪೆಗೆ ಕೆಲಸ ಸಿಗುವುದು ಇಲ್ಲಿ: ಗುಮ್ಮಟದ ಸುತ್ತ ಮೊಣಕಾಲೆತ್ತರಕ್ಕೆ ಹಸಿ ಸಿಪ್ಪೆ, ದರಗು ಹರಡಿ ಮೇಲೆ ಬಗ್ಗಡ ಸುರಿದರೆ ಅದು ಗಾಳಿಯಲ್ಲಿ ಕೊಳೆಯುತ್ತಾ ಬಿಸಿಯಾಗಿ ತೊಟ್ಟಿಯನ್ನು ಬೆಚ್ಚಗಿಡುತ್ತದೆ. ಚಳಿಯ ತಿಂಗಳುಗಳಲ್ಲಿ ತ್ಯಾಜ್ಯದ ಅಳತೆಯನ್ನೂ ಮೂರನೆಯ ಒಂದು ಪಾಲು ಇಳಿಸಬೇಕು.

ಎಚ್ಚರ

ತೊಟ್ಟಿಯೊಳಗೆ ಯಾರೂ ಇಳಿಯಬಾರದು. ವರ್ಷಗಳಿಂದ ನಿಂತುಹೋದ ತೊಟ್ಟಿಯಲ್ಲಿಯೂ ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿರಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ಶಕ್ತಿಯೇ ಹೋಗುವುದರಿಂದ ವಾಸನೆಯಿಲ್ಲವೆಂದು ನಂಬಿ ಇಳಿದವರೂ ಅವರನ್ನು ಎತ್ತಲು ಹೋದವರೂ ಉಳಿಯುವುದಿಲ್ಲ. ಹಳೆಯ ಬಗ್ಗಡವನ್ನು ಮೇಲಿನಿಂದಲೇ ಪಂಪಿನಲ್ಲಿ ತೆಗೆಸಬೇಕು. ಒಳಗೆ ಇಳಿದೇ ಆಗಬೇಕಾದ ದುರಸ್ತಿಯಾದರೆ ಉಸಿರಾಟದ ಸಾಧನವಿರುವ, ಈ ಕೆಲಸ ಬಲ್ಲ ತಂಡಕ್ಕೆ ವಹಿಸಬೇಕು. ಕೊಳವೆಯ ಜೋಡಣೆಗಳನ್ನು ಸೋಪಿನ ನೊರೆ ಸವರಿ ಪರೀಕ್ಷಿಸಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ.

ಬಗ್ಗಡ ತೋಟಕ್ಕೆ

ಹೊರಬರುವ ಬಗ್ಗಡ ಅನಿಲದಷ್ಟೇ ಬೆಲೆಯುಳ್ಳದ್ದು, ತೋಟದವರಿಗೆ ಇನ್ನೂ ಹೆಚ್ಚು. ಹಾಕಿದ ಸಾರಜನಕ ಬಹುಮಟ್ಟಿಗೆ ಅದರಲ್ಲಿಯೇ ಉಳಿದಿರುತ್ತದೆ, ಆದರೆ ಒಂದು ಭಾಗ ಅಮೋನಿಯ ರೂಪದಲ್ಲಿರುವುದರಿಂದ ಬಿಸಿಲಿನಲ್ಲಿ ಒಣಗಿಸಿದರೆ ಹಾರಿಹೋಗುತ್ತದೆ. ಹಸಿಯಾಗಿಯೇ ಬಳಸಬೇಕು, ಇಲ್ಲವೇ ನೆರಳಿನ ಗುಂಡಿಯಲ್ಲಿ ದರಗಿನ ಪದರಗಳ ನಡುವೆ ಹೀರಿಸಿ ಗೊಬ್ಬರ ಮಾಡಬೇಕು. ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿರೆಲೆ ಕೊಡಬೇಕೆಂಬ ಶಿಫಾರಸು ಇದೆ. ದನ ಕಡಿಮೆಯಾದ ಮನೆಗಳಲ್ಲಿ ಮೊದಲನೆಯದಕ್ಕೆ ಬಗ್ಗಡ ಬಹುಪಾಲು ನೆರವಾಗುತ್ತದೆ. ದಿನಕ್ಕೆ ಹೊರಬರುವ 50 ಲೀಟರನ್ನು ಮರಕ್ಕೆ ಐದು ಲೀಟರಿನಂತೆ ಹಂಚಿದರೆ ದಿನಕ್ಕೆ ಹತ್ತು ಮರ, 300 ಮರಗಳ ತೋಟದಲ್ಲಿ ಪ್ರತಿ ಮರಕ್ಕೂ ತಿಂಗಳಿಗೊಮ್ಮೆ ಸರದಿ ಬರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮೇ ತಿಂಗಳವರೆಗೆ ಬುಡದಿಂದ ಎರಡು ಅಡಿ ದೂರದಲ್ಲಿ, ಮುಚ್ಚಿಗೆಯ ಕೆಳಗೆ ಬೀಳುವಂತೆ ಸುರಿಯುವುದು ಸರಿ. ಜಡಿಮಳೆಯ ದಿನಗಳಲ್ಲಿ ಸುರಿದದ್ದು ಕಪ್ಪಿನ (ತೋಟದ ಬಸಿಗಾಲುವೆಯ) ನೀರಿನೊಡನೆ ಹಳ್ಳ ಸೇರುತ್ತದೆ. ಆಗಿನದನ್ನು ಮಾಡಿನ ಕೆಳಗಿನ ಗುಂಡಿಗೆ, ದರಗು ಹಾಕಿ, ಅಕ್ಟೋಬರ್‌ವರೆಗೆ ಕಾಯ್ದಿಡಿ.